ಹಿಮಪಾತ ಅಲ್ಲ ಸ್ವಾಮಿ, ಹಿಮಕುಸಿತ!

ಆಕಾಶದಿಂದ ಹತ್ತಿ ಉದುರಿದ ಹಾಗೆ ಹಿಮ ಬಿದ್ದರೆ ನಮ್ಮ ಪತ್ರಿಕೆ, ಟೀವಿಗಳಲ್ಲಿ 'ಹಿಮಪಾತ'. ಬೆಟ್ಟದ ಮೈಮೇಲಿನ ಹಿಮ ಎಕರೆಗಟ್ಟಲೆ ಕಳಚಿಕೊಂಡು ಬಂದು ಜನರನ್ನು ಹೂತುಹಾಕಿದರೂ ಎಷ್ಟೋ ಸಲ ಅದೇ 'ಹಿಮಪಾತ'. ಮೊದಲನೆಯದು ಬಿದ್ದಾಗ ಜನ ಫೋಟೋ ತೆಗೆಸಿಕೊಳ್ತಾರೆ. ಎರಡನೆಯದು ಬಿದ್ದಾಗ ಸಾಯ್ತಾರೆ. ಎರಡಕ್ಕೂ ಒಂದೇ ಪದ ಅಂದ್ರೆ ಹೇಗೆ ಸ್ವಾಮಿ?

ಇದು ಬರೀ ಪದದ ಜಗಳ ಅಂತ ಪಕ್ಕಕ್ಕೆ ತಳ್ಳಬೇಡಿ. 'ಹಿಮಪಾತಕ್ಕೆ ಸಿಕ್ಕಿ ಸಾವು' ಅಂತ ಓದಿದವರಿಗೆ ಏನನ್ನಿಸುತ್ತೆ? ಪಾಪ, ಮೇಲಿಂದ ಏನೋ ಬಿತ್ತು, ಅವರ ಗ್ರಹಚಾರ ಅಂತ. ಆದರೆ ಹಿಮಕುಸಿತ ಮೇಲಿಂದ ಬೀಳೋದಲ್ಲ. ಅದು ಇಳಿಜಾರಿನ ಒಳಗೇ, ಪದರಗಳ ನಡುವೆ, ಕೆಲವು ಸಲ ವಾರಗಟ್ಟಲೆ ಮೊದಲೇ ತಯಾರಾಗಿ ಕೂತಿರುತ್ತೆ. ಬೆಟ್ಟಕ್ಕೆ ಹೋದವರು ಸತ್ತ ಪ್ರಕರಣಗಳನ್ನು ನೋಡಿದರೆ, ಹೆಚ್ಚಿನವುಗಳಲ್ಲಿ ಅದನ್ನು ಕೆಳಗೆ ಎಳೆದದ್ದು ಸತ್ತವರದ್ದೋ ಅವರ ಜೊತೆಗಾರರದ್ದೋ ಕಾಲಿನ ಭಾರ. ಅಂದ್ರೆ ತಿಳಿದುಕೊಂಡರೆ ತಪ್ಪಿಸಿಕೊಳ್ಳಬಹುದಾದ ಸಾವುಗಳು ಇದರಲ್ಲಿ ಬಹಳ ಇವೆ. ಗ್ರಹಚಾರದ ಲೆಕ್ಕಕ್ಕೆ ಹಾಕಿ ಕೈ ತೊಳೆದುಕೊಳ್ಳೋ ವಿಷಯ ಇದಲ್ಲ ಅನ್ನೋದು ನನ್ನ ವಾದ.

ಮಧುಗಿರಿಯವನಿಗೆ ಯಾಕಪ್ಪಾ ಹಿಮದ ಉಸಾಬರಿ?

ನ್ಯಾಯವಾದ ಪ್ರಶ್ನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಗೇ ಗತಿಯಿಲ್ಲ, ಇನ್ನು ಹಿಮ ಎಲ್ಲಿಂದ ಬರಬೇಕು? ಪಾವಗಡದಲ್ಲಂತೂ ಬಿಸಿಲನ್ನೇ ಬೆಳೆ ಮಾಡಿಕೊಂಡು ಸಾವಿರಾರು ಎಕರೆ ಸೋಲಾರ್ ಪಾರ್ಕ್ ಹಾಕಿದ್ದಾರೆ :)

ಆದರೆ ಭಾನುವಾರ ಬೆಳಗ್ಗೆ ಮಧುಗಿರಿ ಬೆಟ್ಟದ ಬುಡಕ್ಕೆ ಬಂದು ನೋಡಿ. ಬೆಂಗಳೂರಿನಿಂದ ಬೈಕು, ಟೆಂಪೋ ಟ್ರಾವೆಲರ್ ತುಂಬಾ ಜನ. ಅವರಲ್ಲಿ ಅರ್ಧಕ್ಕರ್ಧ ನಮ್ಮ ಐಟಿ ಮಂದಿ. ಒಂದಷ್ಟು ಜನಕ್ಕೆ ಇದು ಕೋಟೆ ನೋಡೋ ಪ್ರವಾಸ, ಇನ್ನೊಂದಷ್ಟು ಜನಕ್ಕೆ ಇದು ಹಿಮಾಲಯಕ್ಕೆ ತಾಲೀಮು. "ಮಧುಗಿರಿ ಹತ್ತಿದೆ, ಚೆನ್ನರಾಯನದುರ್ಗ ಆಯ್ತು, ಸಿದ್ಧರಬೆಟ್ಟ ಆಯ್ತು, ಮುಂದಿನ ತಿಂಗಳು ಕೇದಾರಕಂಠ" - ಇಂಥ ಮಾತು ಇಲ್ಲಿ ಮಾಮೂಲು. ಟ್ರೆಕ್ ನಡೆಸುವವರೂ ಕೇಳೋದು ಅದನ್ನೇ: 5 ಕಿಲೋಮೀಟರ್ ಎಷ್ಟು ನಿಮಿಷಕ್ಕೆ ಓಡ್ತೀರಿ? ಹಿಂದೆ ಯಾವ ಬೆಟ್ಟ ಹತ್ತಿದ್ದೀರಿ?

ಉಸಿರಿಗೆ, ಮೊಣಕಾಲಿಗೆ ಮಧುಗಿರಿ ಒಳ್ಳೆಯ ಮೇಷ್ಟ್ರು, ಒಪ್ಪಿದೆ. ಒಂದೇ ಬಂಡೆಯ ಬೆಟ್ಟ, ಕೆಳಗೆ ಮೆಟ್ಟಿಲು, ಮೇಲೆ ಹೋದ ಹಾಗೆ ಬಂಡೆಯಲ್ಲೇ ಕೊರೆದ ಹೆಜ್ಜೆ ಗುಳಿಗಳು, ಕಡಿದಾದ ಕಡೆ ಹಿಡಿಯೋಕೆ ಕಂಬಿ. ಅಲ್ಲಿನ ಅಪಾಯವೆಲ್ಲ ಕಣ್ಣಿಗೆ ಕಾಣುತ್ತೆ. ಮಳೆ ಬಂದು ಬಂಡೆ ಜಾರಿದರೆ ಚಪ್ಪಲಿಗೇ ಗೊತ್ತಾಗುತ್ತೆ. ನೀವು ಜಾರಬಹುದು, ಬೆಟ್ಟ ಜಾರಲ್ಲ.

ಹಿಮದ ಇಳಿಜಾರಿನಲ್ಲಿ ಇದು ಉಲ್ಟಾ. ಅಲ್ಲಿ ನೀವು ಗಟ್ಟಿಯಾಗಿ ನಿಂತಿರ್ತೀರಿ, ನಿಮ್ಮ ಕೆಳಗಿನ ನೆಲವೇ ಜಾರುತ್ತೆ. ಈ ಪಾಠವನ್ನು ನಮ್ಮ ನಾಲ್ಕು ತಾಲ್ಲೂಕಿನ ಯಾವ ಬೆಟ್ಟವೂ ಕಲಿಸಲ್ಲ. ಅದಕ್ಕೇ ಇಲ್ಲಿಂದ ಹೋಗುವವರು ಅದನ್ನು ಬೇರೆ ಕಡೆ ಓದಿಯೇ ಕಲೀಬೇಕು, ಸಾಧ್ಯವಾದರೆ ಕನ್ನಡದಲ್ಲಿ.

ರಾಗಿ ಮೇಲೆ ಚಪ್ಪಡಿ

ಒಂದು ಇಳಿಜಾರು ಬಂಡೆ ಮೇಲೆ ಒಂದು ಸೇರು ರಾಗಿ ಹರಡಿ. ಅದರ ಮೇಲೆ ಕಲ್ಲಿನ ಚಪ್ಪಡಿ ಇಡಿ. ಏನಾಗುತ್ತೆ ಅಂತ ಹೇಳಬೇಕಿಲ್ಲ ಅಲ್ವಾ? ಅತಿ ಹೆಚ್ಚು ಜನರನ್ನು ಕೊಲ್ಲುವ ಹಿಮಕುಸಿತದ ಯಂತ್ರ ಇಷ್ಟೇ. ಕೆಳಗೆ ಗಟ್ಟಿ ತಳ, ನಡುವೆ ಕಾಳು ಕಾಳಾದ ಸಡಿಲ ಪದರ, ಮೇಲೆ ಗಟ್ಟಿಯಾಗಿ ಕೂಡಿಕೊಂಡ ಹಿಮದ ಚಪ್ಪಡಿ. ಇಳಿಜಾರು 30ರಿಂದ 45 ಡಿಗ್ರಿಯ ನಡುವೆ ಇದ್ದರೆ ಎಲ್ಲ ತಯಾರು. ಒಂದು ಕಡೆ ಸಡಿಲ ಪದರ ಕುಸಿದರೆ ಬಿರುಕು ಅದೇ ಪದರದಲ್ಲಿ ಕ್ಷಣಾರ್ಧದಲ್ಲಿ ಓಡಿ, ನಿಮಗಿಂತ ನೂರಾರು ಅಡಿ ಮೇಲೆ ಇಡೀ ಚಪ್ಪಡಿ ಕತ್ತರಿಸಿಕೊಳ್ಳುತ್ತೆ.

ಈ ಸಡಿಲ ಪದರ ಎಲ್ಲಿಂದ ಬಂತು? ಎರಡು ಮುಖ್ಯ ದಾರಿ ಹೇಳ್ತೀನಿ.

ಒಂದನೆಯದು ನಮಗೆ ಗೊತ್ತಿರೋದೇ. ಮಾಗಿಯ ಕಾಲದಲ್ಲಿ, ಮೋಡವಿಲ್ಲದ ರಾತ್ರಿ ಕಳೆದು ಬೆಳಗಾದರೆ ಅವರೆ ಗಿಡದ ಮೇಲೆ ಇಬ್ಬನಿ ಕೂತಿರುತ್ತಲ್ಲ? ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿದದ್ದು ಅದು. ಇದೇ ಕೆಲಸ ಹಿಮದ ಮೇಲೆ ನಡೆದರೆ ಹನಿ ಬದಲು ಗರಿಗರಿಯಾದ ಹರಳುಗಳು ನಿಲ್ಲುತ್ತವೆ. ನೋಡೋಕೆ ಬಹಳ ಚಂದ, ಬಿಸಿಲಿಗೆ ಮಿಣಮಿಣ ಅನ್ನುತ್ತೆ. ಹಾಗೇ ಇದ್ದರೆ ಅಪಾಯವಿಲ್ಲ. ಆ ಗರಿಗಳು ಮುರಿಯೋ ಮೊದಲೇ ಅವುಗಳ ಮೇಲೆ ಹೊಸ ಹಿಮ ಬಿತ್ತೋ, ಅಲ್ಲಿಗೆ ರಾಗಿ ಹರಡಿದ ಹಾಗಾಯ್ತು. ಮೇಲಿಂದ ನೋಡಿದರೆ ಬರೀ ಬಿಳಿ ಹಾಸು.

ಎರಡನೆಯದು ಒಳಗಿನಿಂದ ಆಗೋದು. ಹಿಮದ ತಳದಲ್ಲಿ, ನೆಲದ ಹತ್ತಿರ, ಉಷ್ಣತೆ ಹೆಚ್ಚುಕಡಿಮೆ 0 ಡಿಗ್ರಿ ಇರುತ್ತೆ. ಮೇಲ್ಮೈಯಲ್ಲಿ ಮೈನಸ್ 15 ಅಂತಿಟ್ಟುಕೊಳ್ಳಿ. ಹಿಮ ಒಂದೇ ಮೀಟರ್ ದಪ್ಪ ಇದ್ದರೆ ಪ್ರತಿ 10 ಸೆಂಟಿಮೀಟರಿಗೆ ಒಂದೂವರೆ ಡಿಗ್ರಿ ವ್ಯತ್ಯಾಸ. 10 ಸೆಂಟಿಮೀಟರಿಗೆ 1 ಡಿಗ್ರಿ ದಾಟಿದರೆ ತಳದ ತೇವ ಆವಿಯಾಗಿ ಮೇಲಕ್ಕೆ ಹರಿದು, ಹಿಮದ ಕಣಗಳು ಮೂಲೆ ಮೂಲೆಯಾಗಿ ಸಕ್ಕರೆ ಹರಳಿನ ಹಾಗೆ ಬೆಳೆಯುತ್ತವೆ. ಸಕ್ಕರೆಯನ್ನು ಉಂಡೆ ಕಟ್ಟೋಕೆ ಆಗುತ್ತಾ? ಇದನ್ನೂ ಆಗಲ್ಲ. ಒಂದಕ್ಕೊಂದು ಅಂಟಲ್ಲ.

ನಮ್ಮ ಫೀಲ್ಡಿನವರಿಗೆ ಹೀಗೆ ಹೇಳಬಹುದು. ಡಿಸೆಂಬರಿನಲ್ಲಿ ಕೋಡ್ ಒಳಗೆ ಸೇರಿಕೊಂಡ ಬಗ್ಗು, ಫೆಬ್ರವರಿಯಲ್ಲಿ ಲೋಡ್ ಜಾಸ್ತಿಯಾದ ದಿನ ಸರ್ವರ್ ಮಲಗಿಸುತ್ತೆ. ಎಲ್ಲರೂ ಫೆಬ್ರವರಿಯ ಲೋಡನ್ನು ಬೈತಾರೆ...

ಕಡಲ ಕಡೆಯ ಬೆಟ್ಟ ಸೇಫಾ?

ಈಗ ಒಂದು ಅರ್ಧಸತ್ಯದ ವಿಚಾರ. ಸಿಯಾಟಲ್, ವ್ಯಾಂಕೂವರ್ ಕಡೆ ನಮ್ಮ ಕನ್ನಡಿಗರು ಸಾಕಷ್ಟು ಇದ್ದಾರೆ. ಶನಿವಾರ ಬಂದರೆ ಹಿಮದ ಬೂಟು ಕಟ್ಟಿಕೊಂಡು ಕ್ಯಾಸ್ಕೇಡ್ ಬೆಟ್ಟಗಳಿಗೆ ಹೊರಡ್ತಾರೆ. ಅಲ್ಲಿ ಕೇಳಿಬರುವ ಮಾತು: "ನಮ್ಮದು ಕಡಲ ಹವೆಯ ಹಿಮ, ಒದ್ದೆ, ಭಾರ, ಬೇಗ ಕಚ್ಚಿಕೊಳ್ಳುತ್ತೆ. ಕೊಲರಾಡೋ ಥರ ಸಕ್ಕರೆ ಹಿಮ ಅಲ್ಲ."

ಮಾತಿನಲ್ಲಿ ಸತ್ಯ ಇದೆ. ಪೆಸಿಫಿಕ್ ಸಾಗರದ ತೇವ ನೇರ ಬಂದು ಬೆಟ್ಟಕ್ಕೆ ಬಡಿಯುತ್ತೆ. ಹಿಮ ಮೀಟರುಗಟ್ಟಲೆ ಬೀಳುತ್ತೆ, ಚಳಿ ಮಾತ್ರ ಅಷ್ಟಿಲ್ಲ. ಮೇಲಿನ ಲೆಕ್ಕವನ್ನೇ ಹಾಕಿ: ಹಿಮ 3 ಮೀಟರ್ ದಪ್ಪ, ಮೇಲ್ಮೈ ಮೈನಸ್ 5. ಆಗ 10 ಸೆಂಟಿಮೀಟರಿಗೆ ವ್ಯತ್ಯಾಸ 0.2 ಡಿಗ್ರಿಯೂ ಇಲ್ಲ. ಇಂಥ ಕಡೆ ಕಣಗಳು ದುಂಡಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೆಚ್ಚಿನ ಕುಸಿತಗಳು ಬಿರುಗಾಳಿ ನಡೆಯುವಾಗ ಅಥವಾ ಅದು ಮುಗಿದ ಒಂದೆರಡು ದಿನದಲ್ಲಿ ಆಗಿಹೋಗುತ್ತವೆ. ಆಮೇಲೆ ಹಿಮ ಕೂತುಕೊಳ್ಳುತ್ತೆ.

ಸುಳ್ಳು ಎಲ್ಲಿದೆ ಅಂದ್ರೆ, 'ಹೆಚ್ಚಿನ' ಅನ್ನೋದನ್ನು 'ಎಲ್ಲ' ಅಂತ ಓದಿಕೊಳ್ಳೋದರಲ್ಲಿ.

2012ರ ಫೆಬ್ರವರಿ 19. ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಪಕ್ಕದ ಟನಲ್ ಕ್ರೀಕ್. ಪಕ್ಕಾ ಕಡಲ ಹವೆಯ ಬೆಟ್ಟ. ತಿಂಗಳ ಆರಂಭದಲ್ಲಿ ಆಕಾಶ ತಿಳಿಯಾಗಿದ್ದ ದಿನಗಳಲ್ಲಿ ನಾನು ಮೇಲೆ ಹೇಳಿದ ಗರಿ ಹರಳುಗಳ ಪದರ ಕೂತಿತ್ತು. ಅದರ ಮೇಲೆ ಹಿಮ ಬೀಳ್ತಾ ಹೋಯ್ತು, ಕೊನೆಯ ಎರಡು ದಿನದಲ್ಲೇ 32 ಇಂಚು. 16 ಜನ ಸ್ಕೀಯಿಂಗಿಗೆ ಇಳಿದರು. ಅವರಲ್ಲಿ ಹೆಚ್ಚಿನವರು ಎಳಸು ಹುಡುಗರಲ್ಲ, ವೃತ್ತಿಪರರು, ಆ ಬೆಟ್ಟವನ್ನು ಅಂಗೈ ರೇಖೆಯ ಹಾಗೆ ಬಲ್ಲವರು. ಕುಸಿತದ ಅಪಾಯದ ಎಚ್ಚರಿಕೆಯೂ ಆ ದಿನ ಪ್ರಕಟವಾಗಿತ್ತು. ಮೂವರು ಸತ್ತರು. ಈ ಘಟನೆಯ ಮೇಲೆ ಜಾನ್ ಬ್ರ್ಯಾಂಚ್ ನ್ಯೂಯಾರ್ಕ್ ಟೈಮ್ಸಿಗೆ ಬರೆದ 'ಸ್ನೋ ಫಾಲ್' ಲೇಖನಕ್ಕೆ 2013ರಲ್ಲಿ ಪುಲಿಟ್ಜರ್ ಬಂತು.

ಕಡಲ ಹವೆಯ ಬೆಟ್ಟದ ನಿಜವಾದ ತೊಂದರೆ ಇದೇ. ಅಲ್ಲಿ ಸಡಿಲ ಪದರ ಅಪರೂಪ. ಅಪರೂಪವಾದ್ದರಿಂದ ಜನರಿಗೆ ಅದನ್ನು ಹುಡುಕುವ ಅಭ್ಯಾಸ ಕಮ್ಮಿ. ಎರಡು ದಿನ ಕಾದರೆ ಸಾಕು ಅನ್ನೋ ಲೆಕ್ಕ ಹತ್ತು ಸಲ ಸರಿಹೋಗಿ, ಹನ್ನೊಂದನೇ ಸಲ ಕೈಕೊಡುತ್ತೆ.

ಇನ್ನೊಂದು, ಕಡಲ ಕಡೆ ಚಳಿಗಾಲದ ನಡುವೆಯೂ ಮಳೆ ಬರುತ್ತೆ. ಹಿಮದ ಮೇಲೆ ಮಳೆ ಅಂದ್ರೆ ಭಾರ ಏಕಾಏಕಿ ಏರುತ್ತೆ, ಒಳಗಿನ ಬೆಸುಗೆ ಸಡಿಲವಾಗುತ್ತೆ. 1910ರ ಮಾರ್ಚ್ 1ರಂದು, ಇದೇ ಸ್ಟೀವನ್ಸ್ ಪಾಸಿನ ಹತ್ತಿರ ವೆಲಿಂಗ್ಟನ್ ಅನ್ನೋ ಕಡೆ, ದಿನಗಟ್ಟಲೆ ಹಿಮ ಬಿದ್ದು ಆಮೇಲೆ ಬಿಸಿಗಾಳಿ, ಮಳೆ ಬಂದು, ಸಿಕ್ಕಿಹಾಕಿಕೊಂಡು ನಿಂತಿದ್ದ ಎರಡು ರೈಲುಗಳನ್ನು ಹಿಮಕುಸಿತ ಕಣಿವೆಗೆ ತಳ್ಳಿತು. ಸತ್ತವರು 96 ಮಂದಿ. ಅಮೆರಿಕದ ಚರಿತ್ರೆಯಲ್ಲಿ ಇಷ್ಟು ಜನರನ್ನು ಕೊಂದ ಹಿಮಕುಸಿತ ಬೇರೊಂದಿಲ್ಲ, ಅದೂ ಈ 'ಸೇಫ್' ಹಿಮದ ನಾಡಿನಲ್ಲೇ.

ಮತ್ತೆ, ಭಾರವಾದ ಹಿಮದಲ್ಲಿ ಹೂತುಹೋದವರಿಗೆ ಉಸಿರು ಬೇಗ ಕಟ್ಟುತ್ತೆ. ಕೆನಡಾದ ಪ್ರಕರಣಗಳನ್ನು ಅಧ್ಯಯನ ಮಾಡಿದ ಸಂಶೋಧಕರು, ಕಡಲ ಹವೆಯ ಬೆಟ್ಟಗಳಲ್ಲಿ ಬದುಕುಳಿಯುವ ಅವಧಿ ಇನ್ನೂ ಚಿಕ್ಕದು ಅಂತ ತೋರಿಸಿದ್ದಾರೆ.

ನಮ್ಮ ಹಿಮಾಲಯ ಯಾವ ಥರದ್ದು?

ಎಲ್ಲ ಥರದ್ದೂ ಇದೆ! ನಮ್ಮ ಸಂಶೋಧಕರು ಇದನ್ನು ಮೂರು ಹಿಮ ವಲಯಗಳಾಗಿ ನೋಡ್ತಾರೆ. ಪೀರ್ ಪಂಜಾಲ್ ಕಡೆ ಹವೆ ಅಷ್ಟು ಚಳಿಯಲ್ಲ, ಹಿಮ ಧಾರಾಳ, ಅಂದ್ರೆ ಹೆಚ್ಚುಕಡಿಮೆ ಕಡಲ ಹವೆಯ ಗುಣ. ಕಾರಾಕೋರಂ ಕಡೆ ಕಡು ಚಳಿ, ಒಣ ಹವೆ, ಸಕ್ಕರೆ ಹಿಮಕ್ಕೆ ಹೇಳಿ ಮಾಡಿಸಿದ ಜಾಗ. ನಡುವಿನ ಮಹಾ ಹಿಮಾಲಯ ಎರಡರ ನಡುವೆ.

ಪೀರ್ ಪಂಜಾಲಿನ ಗುಲ್ಮಾರ್ಗ್ ಬಳಿ 2010ರ ಫೆಬ್ರವರಿ 8ರಂದು ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತಕ್ಕೆ ಬಲಿಯಾದರು. ತರಬೇತಿ ಪಡೆದ, ಗಟ್ಟಿಮುಟ್ಟಾದ ಜನ. ಇವರಿಗೆ ಕಾಲಿನ ಬಲ ಕಡಿಮೆ ಇತ್ತು ಅಂತ ಯಾರಾದರೂ ಹೇಳೋಕೆ ಸಾಧ್ಯವಾ?

ಕಡಲು ದೂರ ಇದೆ ಅಂತ ಸುಮ್ಮನಿರುವಂತೆಯೂ ಇಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿಯಿತು. ಎರಡೇ ದಿನದಲ್ಲಿ ಅದರ ತೇವ ನೇಪಾಳದ ಅನ್ನಪೂರ್ಣ ಸುತ್ತಿನಲ್ಲಿ ಹಿಮವಾಗಿ ಸುರಿದು, ಬಿರುಗಾಳಿ ಮತ್ತು ಹಿಮಕುಸಿತಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅದು ಟ್ರೆಕ್ಕಿಂಗಿಗೆ ಅತ್ಯುತ್ತಮ ಅಂತ ಹೆಸರಾದ ತಿಂಗಳು. ಬಂಗಾಳ ಕೊಲ್ಲಿಯ ಸುದ್ದಿ ಓದದೆ ಹಿಮಾಲಯಕ್ಕೆ ಹೋಗಬಾರದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮವರ ವಿಷಯಕ್ಕೇ ಬನ್ನಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕರು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ಕರ್ನಾಟಕ ಆ ಕೆಲವು ದಿನ ಉಸಿರು ಹಿಡಿದು ಕಾದಿತ್ತು. ಅವರು ಕರ್ತವ್ಯದ ಮೇಲೆ ಅಲ್ಲಿದ್ದವರು, ಅವರಿಗೆ ಬೇರೆ ಆಯ್ಕೆ ಇರಲಿಲ್ಲ. ಅವರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ: ಆ ಪವಾಡದಿಂದ ನಮ್ಮ ಮನಸ್ಸಿನಲ್ಲಿ 'ಹಿಮದಡಿ ಆರು ದಿನವೂ ಬದುಕಬಹುದು' ಅನ್ನೋ ಚಿತ್ರ ಉಳಿದುಬಿಟ್ಟಿದೆ. ಅದು ಲಕ್ಷಕ್ಕೊಂದು. ಸಾಮಾನ್ಯವಾಗಿ ಮೊದಲ 10-15 ನಿಮಿಷದಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತೆ, ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಉಳಿಯಲ್ಲ. ಹೆಲಿಕಾಪ್ಟರು ಬರೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಉಳಿಸೋರು ಪಕ್ಕದಲ್ಲಿರೋ ಗೆಳೆಯರು ಮಾತ್ರ, ಅದೂ ಅವರ ಹತ್ತಿರ ಸಾಮಾನು ಇದ್ದರೆ.

2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ, ಹೆಚ್ಚಾಗಿ ಕರ್ನಾಟಕದವರೇ ಇದ್ದ 22 ಜನರ ತಂಡದಲ್ಲಿ 9 ಜನ ವಾಪಸ್ ಬರಲಿಲ್ಲ. ಅದು ಹಿಮಕುಸಿತವಲ್ಲ, ಹಿಮಗಾಳಿ ಮತ್ತು ಚಳಿ. ಆದರೂ ಇಲ್ಲಿ ನೆನೆಯೋಕೆ ಕಾರಣ ಇದೆ. ಕೆಲವು ಕಡೆ ಅದಕ್ಕೂ 'ಹಿಮಪಾತ' ಅಂತಲೇ ಬರೆದರು. ಮೂರು ಬೇರೆ ಬೇರೆ ಅಪಾಯ, ಮೂರಕ್ಕೂ ಬೇರೆ ಬೇರೆ ಎಚ್ಚರಿಕೆ, ಹೆಸರು ಮಾತ್ರ ಒಂದೇ!

"ನೂರಾರು ಜನ ಹೋಗಿ ಬಂದಿದ್ದಾರೆ, ಏನೂ ಆಗಿಲ್ಲ"

ಇದು ನನಗೆ ಎದುರಾಗುವ ಮೊದಲ ವಾದ. ಹಿಮದ ಇಳಿಜಾರು ಪರೀಕ್ಷೆಯ ಅಂಕಪಟ್ಟಿ ಕೊಡಲ್ಲ. ನೀವು ಪಾರಾದದ್ದು ಇಳಿಜಾರು ಭದ್ರವಾಗಿದ್ದಕ್ಕೋ, ನಿಮ್ಮ ಕಾಲು ಚಪ್ಪಡಿ ತೆಳುವಾಗಿದ್ದ ಜಾಗದ ಮೇಲೆ ಬೀಳಲಿಲ್ಲ ಅನ್ನೋದಕ್ಕೋ, ನಿಮಗೆ ಯಾವತ್ತೂ ಗೊತ್ತಾಗಲ್ಲ. ಹತ್ತು ಜನ ದಾಟಿದ ಜಾಡಿನಲ್ಲೇ ಹನ್ನೊಂದನೆಯವರ ಭಾರಕ್ಕೆ ಕುಸಿದ ಉದಾಹರಣೆಗಳಿವೆ.

ಎರಡನೇ ವಾದ: "ಗೈಡ್‌ಗೆ ಗೊತ್ತಿರುತ್ತೆ ಬಿಡಿ." ಗೊತ್ತಿರಬಹುದು. ಆದರೆ ಇಪ್ಪತ್ತು ಜನ ದುಡ್ಡು ಕಟ್ಟಿ, ರಜೆ ಹಾಕಿ, ಸ್ವೆಟರ್ ಕೊಂಡು ಬಂದು ನಿಂತಿರುವಾಗ "ಇವತ್ತು ಬೇಡ" ಅನ್ನೋದು ಆ ಹುಡುಗನಿಗೆ ಸುಲಭವಾ? ಅವನು ಹಾಗೆ ಅಂದಾಗ "ಸರಿ ಭಯ್ಯಾ, ವಾಪಸ್ ಹೋಗೋಣ" ಅನ್ನೋ ತಿಳಿವಳಿಕೆ ನಮಗಿದ್ದರೆ ಅವನ ಬಾಯಿಗೂ ಬಲ ಬರುತ್ತೆ.

ನಮ್ಮ ಮಧುಗಿರಿ, ಕೊರಟಗೆರೆ ಕಡೆ ಕಲ್ಲು ಒಡೆಯುವವರನ್ನು ಗಮನಿಸಿದ್ದೀರಾ? ಬಂಡೆ ಮೇಲೆ ಸುತ್ತಿಗೆಯಿಂದ ಬಡಿದು ಸದ್ದು ಕೇಳ್ತಾರೆ. 'ಠಣ್' ಅಂದ್ರೆ ಒಳಗೆ ಗಟ್ಟಿ. 'ಬೊದ್' ಅಂದ್ರೆ ಪದರ ಬಿಟ್ಟಿದೆ. ಕಣ್ಣಿಗೆ ಕಾಣದ ಪದರವನ್ನು ಕಿವಿಯಿಂದ ಓದೋ ವಿದ್ಯೆ ಅದು. ಹಿಮದಲ್ಲೂ ಹೀಗೇ. ನಡೆಯುವಾಗ ಕಾಲಡಿ 'ಧುಪ್' ಅಂತ ಸದ್ದಾಗಿ ಹಿಮ ಕೂತ ಹಾಗಾದರೆ, ಒಳಗೆ ಸಡಿಲ ಪದರ ಕುಸಿಯಿತು ಅಂತ ಅರ್ಥ. ಅಲ್ಲಿಂದ ಮುಂದೆ ಕಡಿದಾದ ಇಳಿಜಾರಿಗೆ ಕಾಲಿಡಬಾರದು. ಬಲ್ಲವರು ಹಿಮದಲ್ಲಿ ಗುಂಡಿ ತೋಡಿ, 30 ಸೆಂಟಿಮೀಟರ್ ಅಗಲ ಮತ್ತು ಅಷ್ಟೇ ಉದ್ದದ ಕಂಬ ಕತ್ತರಿಸಿ, ಮೇಲೆ ಸಲಿಕೆ ಇಟ್ಟು ಬಡೀತಾರೆ: ಮಣಿಕಟ್ಟಿನಿಂದ 10 ಏಟು, ಮೊಣಕೈಯಿಂದ 10, ಭುಜದಿಂದ 10. ಎಷ್ಟನೇ ಏಟಿಗೆ, ಯಾವ ಪದರದಲ್ಲಿ ಕಂಬ ಜಾರಿತು ಅಂತ ನೋಡ್ತಾರೆ. ಥೇಟ್ ನಮ್ಮ ಕಲ್ಲು ಒಡೆಯುವವರ ವಿದ್ಯೆಯೇ.

ಹಾಗಾದ್ರೆ ಏನು ಮಾಡಬೇಕು?

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಕೇಳಿಕೊಂಡು ಹೋಗಿ. ದುಡ್ಡು ಕಟ್ಟುವ ಮೊದಲು ಟ್ರೆಕ್ ನಡೆಸುವವರಿಗೆ ಈ ನಾಲ್ಕು ಪ್ರಶ್ನೆ ಹಾಕಿ:

1. ದಾರಿಯಲ್ಲಿ 30 ಡಿಗ್ರಿಗಿಂತ ಕಡಿದಾದ ಹಿಮದ ಇಳಿಜಾರು ಇದೆಯಾ? ಅಥವಾ ಅಂಥ ಇಳಿಜಾರಿನ ಕೆಳಗೆ ನಡೀತೀವಾ? (ಕೆಳಗಿನ ಚಪ್ಪಟೆ ಜಾಗದಲ್ಲಿ ಟೆಂಟ್ ಹಾಕಿದವರೂ ಸತ್ತಿದ್ದಾರೆ.)

2. ಹಿಮಕುಸಿತದ ಮುನ್ಸೂಚನೆ ಯಾರು ನೋಡ್ತಾರೆ, ಯಾವಾಗ ನೋಡ್ತಾರೆ? ನಮ್ಮಲ್ಲೂ ವ್ಯವಸ್ಥೆ ಇದೆ. 1969ರಲ್ಲಿ ಮನಾಲಿಯಲ್ಲಿ ಶುರುವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ 2020ರಲ್ಲಿ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆಯಲ್ಲಿ ವಿಲೀನವಾಯಿತು. ಚಂಡೀಗಢದಿಂದ ಅವರು ಎಚ್ಚರಿಕೆ ಕೊಡ್ತಾರೆ.

3. ಕಡಿದಾದ ಹಿಮ ದಾಟುವುದಿದ್ದರೆ ಪ್ರತಿಯೊಬ್ಬರಿಗೂ ಟ್ರಾನ್ಸೀವರ್, ಚುಚ್ಚಿ ಹುಡುಕುವ ಸರಳು, ಸಲಿಕೆ ಇರುತ್ತಾ? ಬಳಸೋದು ಹೇಳಿಕೊಡ್ತೀರಾ?

4. ಅರ್ಧದಿಂದ ವಾಪಸ್ ಬಂದರೆ ನಿಮ್ಮ ಲೆಕ್ಕದಲ್ಲಿ ಅದು ಸೋಲಾ?

ನಾಲ್ಕನೆಯದಕ್ಕೆ ಉತ್ತರ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ. ಮಧುಗಿರಿ ಬೆಟ್ಟ ಮುಂದಿನ ವಾರವೂ ಇಲ್ಲೇ ಇರುತ್ತೆ :)

ಕೊನೆಯದಾಗಿ, ಬ್ಲಾಗಿಗ ಮಿತ್ರರಿಗೆ ಒಂದು ಮಾತು. ಕನ್ನಡದಲ್ಲಿ ಹಿಮಾಲಯದ ಪ್ರವಾಸಕಥನಗಳಿಗೆ ಬರವಿಲ್ಲ. ಬಿಳಿ ಬೆಟ್ಟ, ನೀಲಿ ಆಕಾಶ, ಮ್ಯಾಗಿ, ಚಹಾ - ಎಲ್ಲ ಬರುತ್ತೆ. ಕಾಲಡಿಯ ಪದರದ ಬಗ್ಗೆ ಒಂದು ಸಾಲೂ ಇರಲ್ಲ. ಮುಂದಿನ ಸಲ ಬರೆಯುವಾಗ ಒಂದು ಪ್ಯಾರಾ ಅದಕ್ಕೂ ಇಡಿ. ಪದಗಳನ್ನು ನಾನು ಹೀಗೆ ಇಟ್ಟುಕೊಂಡಿದ್ದೀನಿ: ಬೀಳುವ ಹಿಮ 'ಹಿಮಪಾತ', ಬೀಸುವ ಹಿಮ 'ಹಿಮಗಾಳಿ', ಜಾರುವ ಹಿಮ 'ಹಿಮಕುಸಿತ', ಅದರ ಮೂಲ 'ಸಡಿಲ ಪದರ', ಅದರಲ್ಲಿ ಇಬ್ಬನಿಯಂತೆ ಬಂದದ್ದು 'ಹಿಮಗರಿ', ತಳದಲ್ಲಿ ಬೆಳೆದದ್ದು 'ಸಕ್ಕರೆ ಹಿಮ'. ಇದಕ್ಕಿಂತ ಒಳ್ಳೆಯವು ನಿಮಗೆ ಹೊಳೆದರೆ ಕಾಮೆಂಟಿನಲ್ಲಿ ಹಾಕಿ, ಖುಷಿಯಿಂದ ಬದಲಾಯಿಸಿಕೊಳ್ತೀನಿ. ಯಾವ ಪದ ಗೆದ್ದರೂ ಪರವಾಗಿಲ್ಲ. ಹೊರಡೋಕೆ ಮುಂಚೆ ನಮ್ಮ ಹುಡುಗ ಹುಡುಗಿಯರ ಕಿವಿಗೆ ಅದು ಬಿದ್ದಿದ್ದರೆ ಸಾಕು.

ನೀವೇನಂತೀರಿ?